ಹಾಲಿನ ಪುಡಿ ಪ್ಯಾಕೆಟ್

ಬೆಳಗ್ಗೆ ಅಂಗಡಿಯಲ್ಲಿ ಒಬ್ಬ ಹೆಂಗಸು ಸಿಕ್ಕಿಬಿದ್ದಳು. ಸೆರಗಿನೊಳಗೆ ಹಾಲಿನ ಪುಡಿ ಪ್ಯಾಕೆಟ್. ಎಳೆದಾಟದಲ್ಲಿ ಅದರ ಮೂಲೆ ಹರಿದು ಪುಡಿ ಸೀರೆ ಮೇಲೆಲ್ಲಾ ಚೆಲ್ಲಿತ್ತು. ಆಕೆ ಅದನ್ನು ಬೆರಳಲ್ಲಿ ಬಳಿದು ಬಳಿದು ಪ್ಯಾಕೆಟ್ಟಿಗೇ ತುಂಬುತ್ತಿದ್ದಳು.

"ಬಡವರೆಲ್ಲ ಕದೀತಾರಾ?" ಅಂದರು ಪಕ್ಕದವರು.

ನಿಜ, ಕದಿಯಲ್ಲ. ನಮ್ಮಮ್ಮ ಎಷ್ಟೋ ರಾತ್ರಿ ಬರೀ ಗಂಜಿ ಕುಡಿದು ಮಲಗಿದವರು. ಯಾರ ಮನೆ ಕಡ್ಡೀನೂ ಮುಟ್ಟಲಿಲ್ಲ. ತಪ್ಪು ತಪ್ಪೇ. ಆದರೆ ಅದಕ್ಕೆ ಆಕೆ ಮೇಲೆ ಕೈ ಎತ್ತೋದಾ?

2024ರ ಜುಲೈನಲ್ಲಿ ಜಾರಿಗೆ ಬಂದ ಅಪರಾಧ ಕಾನೂನು, ಭಾರತೀಯ ನ್ಯಾಯ ಸಂಹಿತೆಯಲ್ಲೇ ಇದೆ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ, ಶಿಕ್ಷೆ ಮೊದಲ ಸಲ, ಮಾಲು ವಾಪಸ್ ಕೊಟ್ಟಾಗಿದೆ ಅಂದ್ರೆ ಜೈಲಲ್ಲ, ಸಮುದಾಯ ಸೇವೆ, ಅಂದ್ರೆ ಜನರಿಗಾಗಿ ಸಂಬಳವಿಲ್ಲದ ಕೆಲಸ. ಕಾನೂನಿಗೇ ಅಷ್ಟು ಕರುಣೆ ಇದೆ, ಅಲ್ವಾ?

ದುಡ್ಡು ನಾನು ಕೊಟ್ಟೆ. ಆಕೆ ತಲೆ ಎತ್ತಲಿಲ್ಲ. ಹರಿದ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಹೋದಳು.