ಎರಡೆರಡು ಸಲ ಯಾಕೋ ತುಳೀತೀಯ?

ಭಾನುವಾರ ದೇವರಾಯನದುರ್ಗ ಇಳಿಯುವಾಗ ಹಿಂದಿನ ಸೀಟಿನಿಂದ ಅಮ್ಮ ಕೇಳಿದ ಮಾತಿದು. ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ.

"ಎರಡೆರಡು ಸಲ ಯಾಕೋ ತುಳೀತೀಯ?"

"ಏನಿಲ್ಲಮ್ಮ, ಸುಮ್ನೆ."

ಏನಿಲ್ಲ ಅಂದಾಗ ನನ್ನ ಅಂಗೈ ಬೆವೆತು ಸ್ಟೇರಿಂಗ್ ಜಾರುತ್ತಿತ್ತು. ಯೋಗನರಸಿಂಹನ ದರ್ಶನ ಮುಗಿಸಿ ಹೊರಟವರು ಇನ್ನೂ ಅರ್ಧ ಇಳಿಜಾರೂ ದಾಟಿರಲಿಲ್ಲ. ಒಂದು ತಿರುವಿನಲ್ಲಿ ಬ್ರೇಕ್ ತುಳಿದರೆ ಕೆಸರಲ್ಲಿ ಕಾಲಿಟ್ಟ ಹಾಗೆ ಪೆಡಲ್ ಒಳಕ್ಕೆ ಹೋಯಿತು. ಕಾಲೆತ್ತಿ ಮತ್ತೆ ತುಳಿದೆ, ಹಿಡಿಯಿತು. ಮುಂದಿನ ತಿರುವಿನಲ್ಲೂ ಹಾಗೇ. ಸೆಕೆಂಡ್ ಗೇರಿಗೆ, ಆಮೇಲೆ ಫಸ್ಟ್‌ಗೆ ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ ತೆವಳಿಸಿಕೊಂಡು ಬಂದು ಮಟ್ಟಸ ಜಾಗ ಸಿಕ್ಕಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. "ಸ್ವಲ್ಪ ನೀರು ಕುಡಿಯೋಣಮ್ಮ" ಅಂದೆ. ಅದು ಎರಡನೇ ಸುಳ್ಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಸುಮಾರಾಗಿ ಗಟ್ಟಿಯಾಗಿತ್ತು. ಮೂವತ್ತು ದಾಟಿಸದೆ ತುಮಕೂರು ಸೇರಿಕೊಂಡೆ.

ತಪ್ಪು ನನ್ನದೂ ಇದೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಂತ ನಮ್ಮ ಭಾವ ಹತ್ತು ವರ್ಷದಿಂದ ಹೇಳುತ್ತಾರೆ, ನಾನೂ ನಂಬಿದ್ದೆ. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಮೊದಲು ಓಡಿ ಬರುವವರು. ಆದರೆ ಈ ಮಾತು ಮಾತ್ರ ಪೂರ್ತಿ ತಪ್ಪು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಲ್ಲಿ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆಡುತ್ತಿರಲಿಕ್ಕೇ ಪೆಟ್ರೋಲ್ ಬೇಕು, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಬಿಸಿಯಾಗುತ್ತದೆ, ಆ ಬಿಸಿ ಕಾಲಿನ ಬಲವನ್ನು ಚಕ್ರಕ್ಕೆ ಒಯ್ಯುವ ಬ್ರೇಕ್ ಆಯಿಲ್‌ಗೆ ಮುಟ್ಟುತ್ತದೆ.

ಶಿರಾ ಗೇಟ್ ಕಡೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. "ಅದನ್ನ ಓಡಿಸ್ಕೊಂಡು ಬರಬೇಡಿ ಸಾರ್, ನಾನೇ ಬರ್ತೀನಿ" ಅಂದರು. ಆ ಒಂದು ಮಾತಿಗೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ನಿನ್ನೆ ಬೆಳಿಗ್ಗೆ ಬಂದವರು ಸ್ಪ್ಯಾನರ್ ಮುಟ್ಟಲೇ ಇಲ್ಲ, ಮೊದಲು ಕೂತು ಪೆಡಲ್ ತುಳಿದರು. ನಾಲ್ಕು ಸಲ ಪಂಪ್ ಮಾಡಿದರೆ ಮೇಲಕ್ಕೆ ಬಂದು ಗಟ್ಟಿಯಾಯಿತು. ಹಾಗೇ ಒತ್ತಿ ಹಿಡಿದು ಒಂದು ನಿಮಿಷ ಕೂತರು. ಮೆಲ್ಲಗೆ ಕೆಳಕ್ಕೆ ಇಳಿದರೆ, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಹೋಗಿದೆ, ಇಲ್ಲಾ ಎಲ್ಲೋ ಸೋರುತ್ತಿದೆ ಅಂತ ಲೆಕ್ಕವಂತೆ. ಇಳಿಯಲಿಲ್ಲ. ನಾಲ್ಕೂ ಚಕ್ರದ ಒಳಬದಿ ಬೆರಳಾಡಿಸಿದರು, ಒದ್ದೆಯಿಲ್ಲ. ನಾನು ತುಳಿದು ಹಿಡಿದಾಗ ರಬ್ಬರ್ ಹೋಸ್ ಉಬ್ಬುತ್ತದೆಯೇ ನೋಡಿದರು, ಅದೂ ಇಲ್ಲ. "ಏರ್ ಹಿಡ್ಕೊಂಡಿದೆ" ಅಂದರು. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ತಿಳಿ ಹಳದಿ ಇರಬೇಕಾದದ್ದು ಕಾಫಿ ಡಿಕಾಕ್ಷನ್ ಆಗಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ನಮ್ಮ ಗಾಡಿಗೆ ಹಾಕುವ ಡಾಟ್ 4 ದರ್ಜೆಯ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರುವ ಮೊದಲೇ ಆ ಮಿತಿ 155ಕ್ಕೆ ಬೀಳುತ್ತದೆ. ಕುದಿದರೆ ಪೈಪಿನೊಳಗೆ ಆವಿ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನನ್ನ ಕಾಲಿನ ಬಲವೆಲ್ಲ ಅಲ್ಲೇ ಸೋರಿಹೋಗಿತ್ತು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ನನ್ನ ಹಳೇ ಬಿಲ್ಲುಗಳಲ್ಲಿ ಐದು ವರ್ಷವೂ ಇರುವುದು 'ಬ್ರೇಕ್ ಆಯಿಲ್ ಟಾಪ್‌ಅಪ್'. ಎರಡು ತಿಂಗಳ ಹಿಂದೆ ಹಿಂದಿನ ಎಡ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಬದಲಾಯಿಸಿದವರು ಏರ್ ಸರಿಯಾಗಿ ತೆಗೆದಿರಲಿಲ್ಲ. ಅವತ್ತಿನಿಂದಲೇ ಪೆಡಲ್ ಮೆತ್ತಗಿತ್ತು. ನನ್ನ ಕಾಲು ಅದಕ್ಕೆ ಒಗ್ಗಿಕೊಂಡುಬಿಟ್ಟಿತ್ತು.

ಒಗ್ಗದವಳು ಅಮ್ಮ. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು. ಬೆಲ್ಟ್ ಒಂದಿಷ್ಟು ಸಡಿಲವಾದರೂ ಅವಳ ಕಾಲಿಗೆ ತಿಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಕೂತು, ನನ್ನ ಮೊಣಕಾಲು ಎರಡು ಸಲ ಏಳುವುದನ್ನು ಎಣಿಸಿದ್ದಾಳೆ.

"ಎರಡೆರಡು ಸಲ ಯಾಕೋ ತುಳೀತೀಯ?"

ನಮ್ಮನೆಯಲ್ಲಿ 'ಏನಿಲ್ಲ' ಅನ್ನುವುದು ಇವತ್ತಿನದಲ್ಲ. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲಾಗದೆ ಇದ್ದಾಗ ಅಮ್ಮ ಒಂದು ವರ್ಷ "ಏನಿಲ್ಲ, ಲೈಟ್ ಕಮ್ಮಿ" ಅಂದಳು. ಗೊತ್ತಾದ ದಿನ ಎಷ್ಟು ಕೂಗಾಡಿದ್ದೆ! ನಮ್ಮನ್ನೆಲ್ಲ ಏನಂದುಕೊಂಡಿದ್ದೀಯ, ಹೇಳೋಕಾಗ್ತಿರಲಿಲ್ವಾ ಅಂತ. ಅವತ್ತು ಅವಳು ನನ್ನನ್ನು ಗಾಬರಿಯಿಂದ ಕಾಪಾಡುತ್ತಿದ್ದಳು. ಭಾನುವಾರ ನಾನು ಅವಳನ್ನು. ಆದರೆ ಅವಳು ಮುಚ್ಚಿಟ್ಟದ್ದು ಅವಳ ಕಣ್ಣು. ನಾನು ಮುಚ್ಚಿಟ್ಟದ್ದು ಅವಳ ಜೀವಕ್ಕೇ ಇದ್ದ ಅಪಾಯ. ಕೇಳುವ ಹಕ್ಕು ಅವಳಿಗಿತ್ತು. ಇಳಿದು ನಿಲ್ಲುತ್ತೇನೆ ಅನ್ನುವ ಹಕ್ಕೂ ಇತ್ತು.

ಮೆಕ್ಯಾನಿಕ್ಕಿನ ಹುಡುಗ ಊರಿಗೆ ಹೋಗಿದ್ದ. ಹಳೇ ಆಯಿಲ್, ಏರ್ ಎರಡೂ ತೆಗೆಯಲು ಒಬ್ಬರು ಚಕ್ರದ ಹತ್ತಿರ ಅದು ಹೊರಬರುವ ನಿಪ್ಪಲ್ ಬಿಚ್ಚಬೇಕು, ಒಬ್ಬರು ಬಾನೆಟ್ ಕೆಳಗೆ ಆಯಿಲ್ ತಳ ಕಾಣದಂತೆ ಸುರಿಯುತ್ತಿರಬೇಕು, ಖಾಲಿಯಾದರೆ ಮತ್ತೆ ಏರ್ ಒಳಗೆ ಹೋಗುತ್ತದೆ. ತುಳಿಯುವವರು ಯಾರು? ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಸೀಟಲ್ಲಿ ಕೂತಳು. ಹಳೇ ಸಿಲಿಂಡರ್, ಪೂರ್ತಿ ತಳಕ್ಕೆ ಹೋದರೆ ರಬ್ಬರ್ ಕೆಡುತ್ತೆ ಅಂತ ಅವರು ಪೆಡಲ್ ಅಡಿಗೆ ಮರದ ತುಂಡೊಂದು ಇಟ್ಟರು.

"ತುಳೀರಮ್ಮ... ಹಿಡ್ಕಳಿ... ಈಗ ಬಿಡಿ."

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರ ಮೊದಲು. ನಿಪ್ಪಲ್‌ಗೆ ಸಿಕ್ಕಿಸಿದ ತಿಳಿ ಪೈಪಿನ ಇನ್ನೊಂದು ತುದಿ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿತ್ತು. ಬಗ್ಗಿ ನೋಡಿದೆ. ಕಪ್ಪು ಆಯಿಲ್ ಜೊತೆ ಗುಳ್ಳೆ, ಗುಳ್ಳೆಯ ಹಿಂದೆ ಗುಳ್ಳೆ. ನಿಪ್ಪಲ್ ಬಿಗಿ ಮಾಡುವವರೆಗೂ ಅಮ್ಮ ಕಾಲು ಒಂದಿಷ್ಟೂ ಸಡಿಲಿಸಲಿಲ್ಲ. "ಹಿಂಗೆ ತುಳಿಯೋರು ನಮ್ಮ ಗ್ಯಾರೇಜಲ್ಲೂ ಇಲ್ಲ" ಅಂದರು ಅವರು, ಮನಸ್ಸಿಂದಲೇ ಅಂದರು. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಪೈಪಿನಲ್ಲಿ ತಿಳಿ ಹಳದಿ ಮಾತ್ರ ಹರಿಯುತ್ತಿತ್ತು.

ಮರದ ತುಂಡು ತೆಗೆದ ಮೇಲೆ ಅಮ್ಮ ಇನ್ನೊಂದು ಸಲ ತುಳಿದಳು. ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತಿತು.

"ಭಾನುವಾರ ಹಿಂಗಿರ್ಲಿಲ್ಲ ಅಲ್ವೇನೋ?"

"ಇರ್ಲಿಲ್ಲಮ್ಮ," ಅಂದೆ.