ಹಿಂದಿನ ಬಾಗಿಲಿನ ಬೀಗದ ಕೈ ಯಾರ ಹತ್ರ ಇದೆ?

ನಾನು ಸೌಂಡ್ ಮಾಡೋನು. ಅಂದ್ರೆ ಹಾಡೋನೂ ಅಲ್ಲ ಬಾರ್ಸೋನೂ ಅಲ್ಲ, ಪಬ್ಬಲ್ಲಿ ಬ್ಯಾಂಡ್ ಬಂದಾಗ ಮೂಲೇಲಿ ಮಿಕ್ಸರ್ ಮುಂದೆ ಕಪ್ಪು ಟೀ ಶರ್ಟ್ ಹಾಕ್ಕೊಂಡು ಒಬ್ಬ ನಿಂತಿರ್ತಾನಲ್ಲ, ವೋಕಲ್ ಕೇಳಿಸ್ತಿಲ್ಲ ಅಂತ ಬೈಯೋಕೆ ಮಾತ್ರ ಜನ ಯಾರ ಕಡೆ ತಿರುಗ್ತಾರೋ, ಅವನು. ಕೋರಮಂಗಲ, ಇಂದಿರಾನಗರ, ಈಗೀಗ ವೈಟ್‌ಫೀಲ್ಡು. ಹನ್ನೊಂದು ವರ್ಷ ಆಯ್ತು.

ನಮ್ ಕೆಲಸದವರಿಗೆಲ್ಲ ಒಂದು ಚಟ ಇರುತ್ತೆ, ಯಾವ ಜಾಗಕ್ಕೆ ಹೋದ್ರೂ ಮೊದಲು ಒಂದ್ಸಲ ಜೋರಾಗಿ ಚಪ್ಪಾಳೆ ತಟ್ಟೋದು. ಸೌಂಡ್ ಎಷ್ಟು ವಾಪಸ್ ಬರುತ್ತೆ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಮೊನ್ನೆ ಒಂದು ಮೂರನೇ ಮಹಡಿ ಪಬ್ಬಲ್ಲಿ (ಹೆಸರು ಬೇಡ, ಪೇಮೆಂಟ್ ಇನ್ನೂ ಬರಬೇಕು) ಚಪ್ಪಾಳೆ ತಟ್ಟಿದೆ, ಬಾವಿಗೆ ಹತ್ತಿ ಹಾಕಿದಂಗೆ ಸೌಂಡೇ ಇಲ್ಲ. ಹೋದ ವರ್ಷ ಇದೇ ಜಾಗ ಸ್ಟೀಲ್ ಪಾತ್ರೆ ಥರ ಗುಂಯ್ ಅಂತಿತ್ತು. ತಲೆ ಎತ್ತಿ ನೋಡಿದ್ರೆ ಸೀಲಿಂಗ್ ಪೂರ್ತಿ, ಸ್ಟೇಜ್ ಹಿಂದಿನ ಗೋಡೆ ಪೂರ್ತಿ ಕಪ್ಪು ಫೋಮು, ಮೊಟ್ಟೆ ಟ್ರೇ ಥರ ಏರಿಳಿತ ಇರುತ್ತಲ್ಲ ಅದು. ಮ್ಯಾನೇಜರ್‌ನ ಕೇಳಿದೆ. ಹಿಂದಿನ ರಸ್ತೆ ಮನೆಯವರು ದಿನಾ ಪೊಲೀಸ್‌ಗೆ ಫೋನ್ ಮಾಡ್ತಾರೆ ಗುರು, ಅದಕ್ಕೇ ಓನರ್ ಇಡೀ ಜಾಗ ಸೌಂಡ್‌ಪ್ರೂಫ್ ಮಾಡಿಸಿದ್ರು ಅಂದ.

ಮೊದಲಿಗೆ, ಆ ಫೋಮಿಂದ ಸೌಂಡ್‌ಪ್ರೂಫ್ ಆಗಲ್ಲ. ಒಳಗಿನ ಎಕೋ ಕಮ್ಮಿ ಆಗುತ್ತೆ ಅಷ್ಟೇ, ಬೇಸ್, ಅಂದ್ರೆ ಎದೆಗೆ ಗುದ್ದೋ ಆ ದಪ್ಪ ಸೌಂಡು, ಮಾತ್ರ ಆರಾಮಾಗಿ ಗೋಡೆ ದಾಟ್ಕೊಂಡು ಪಕ್ಕದ ಮನೆ ಅಜ್ಜಿ ಮಂಚದ ತನಕ ಹೋಗುತ್ತೆ. ಇದನ್ನ ಹೇಳಿ ಹೇಳಿ ನಂಗೆ ಸಾಕಾಗಿದೆ. ಎರಡನೇದು, ಆ ಫೋಮ್ ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲ, ಬಿಲ್ಲಲ್ಲಿ "ಅಕೌಸ್ಟಿಕ್" ಅಂತಿತ್ತಂತೆ. ಡ್ರಮ್ ಹಿಂದೆ ಒಂದು ಕಡೆ ಅಂಟು ಬಿಟ್ಟು ಜೋತಾಡ್ತಿತ್ತು, ಅಂಗೈಯಷ್ಟು ಕಿತ್ಕೊಂಡು ಜೇಬಿಗೆ ಹಾಕ್ಕೊಂಡೆ.

ಮಾರನೇ ದಿನ ಟೆರೇಸ್ ಮೇಲೆ ಹಳೇ ಕಬ್ಬಿಣದ ಬಾಣಲೇಲಿಟ್ಟು ಒಂದು ಬೆಂಕಿಕಡ್ಡಿ ಗೀರಿದೆ. ಕಾಗದ ಆದ್ರೆ ಅಂಚಿಂದ ನಿಧಾನಕ್ಕೆ ಹತ್ಕೊಳ್ಳುತ್ತೆ, ಇದು ಹಾಗಲ್ಲ, ಕಡ್ಡಿ ತಾಗಿದ್ದೇ ತಡ ಮೈಯೆಲ್ಲಾ ಒಂದೇ ಸಲ ಭಗ್ ಅಂತು, ಆಮೇಲೆ ಕರಗಿ ಉರಿಯೋ ಹನಿ ಹನಿಯಾಗಿ ತೊಟ್ಟಿಕ್ಕೋಕೆ ಶುರು, ಮತ್ತೆ ಆ ಹೊಗೆ, ಟೈರ್ ಸುಟ್ಟಂಗೆ ಕಪ್ಪು, ಅಂಗೈಯಗಲದ ಫೋಮಿಂದ ಇಷ್ಟು ಹೊಗೆ ಬರುತ್ತಾ ಅನ್ನೋವಷ್ಟು. ಕೆಳಗಿಂದ ಅಮ್ಮ ಏನೋ ಸುಡ್ತಾ ಇದೀಯಾ ಅಂತ ಕೂಗಿದ್ರು. ಬಯಲಲ್ಲಿ ನಿಂತಿದ್ರೂ ನಂಗೆ ಅವತ್ತೆಲ್ಲಾ ಗಂಟಲು ಕೆರೀತಿತ್ತು. ದಯವಿಟ್ಟು ನೀವ್ ಇದನ್ನ ಮನೇಲಿ ಮಾಡ್ಬೇಡಿ, ಇಂಥ ಫೋಮು ಸಾಮಾನ್ಯವಾಗಿ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕು, ಅದು ಸುಟ್ರೆ ಕಾರ್ಬನ್ ಮೊನಾಕ್ಸೈಡ್ ಜೊತೆ ಸೈನೈಡ್ ಗ್ಯಾಸೂ ಬರುತ್ತೆ, ಇದನ್ನ ನಾನು ಓದಿದ್ದು ಸುಟ್ಟಾದ ಮೇಲೆ.

ಓದೋಕೆ ಕೂತವನಿಗೆ ಸಿಕ್ಕಿದ್ದೇ ದಿ ಸ್ಟೇಷನ್. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್ ಅನ್ನೋ ಊರಲ್ಲಿದ್ದ ಒಂದು ಮಾಮೂಲಿ ಮರದ ಕಟ್ಟಡದ ಕ್ಲಬ್ಬು. ಅಲ್ಲೂ ಪಕ್ಕದವರ ಗಲಾಟೆ ಕಂಪ್ಲೇಂಟು, ಅಲ್ಲೂ ಸ್ಟೇಜ್ ಸುತ್ತ ಫೋಮು, ಅದನ್ನ ಮಾರಿದ್ದೂ ಕಂಪ್ಲೇಂಟ್ ಮಾಡ್ತಿದ್ದ ನೆರೆಯವನೇ, ಅವನಿಗೆ ಫೋಮ್ ಕಂಪನೀಲೇ ಕೆಲಸ. 2003ರ ಫೆಬ್ರವರಿ 20ರ ರಾತ್ರಿ ಗ್ರೇಟ್ ವೈಟ್ ಬ್ಯಾಂಡು ಮೊದಲನೇ ಹಾಡು ಶುರು ಮಾಡಿದಾಗ ಅವರ ಟೂರ್ ಮ್ಯಾನೇಜರ್ ಸ್ಟೇಜ್ ಮೇಲೆ ಹೂಕುಂಡದ ಥರದ ಪಟಾಕಿ ಹಚ್ಚಿದ, ಕಿಡಿ ಡ್ರಮ್ ಎರಡೂ ಪಕ್ಕದ ಫೋಮಿಗೆ ತಾಗ್ತು. ಇದೆಲ್ಲಾ ವೀಡಿಯೋದಲ್ಲಿ ಇದೆ, ಯಾಕಂದ್ರೆ ಒಬ್ಬ ಟಿವಿ ಕ್ಯಾಮೆರಾಮನ್ ಅವತ್ತು ಅಲ್ಲಿದ್ದ. ಅವನು ಬಂದಿದ್ದು ಏನಕ್ಕೆ ಗೊತ್ತಾ, ಕ್ಲಬ್ಬುಗಳಲ್ಲಿ ಸೇಫ್ಟಿ ಹೇಗಿದೆ ಅಂತ ಸ್ಟೋರಿ ಮಾಡೋಕೆ, ಮೂರು ದಿನ ಮುಂಚೆ ಚಿಕಾಗೋದ ಕ್ಲಬ್ಬಲ್ಲಿ ಕಾಲ್ತುಳಿತಕ್ಕೆ 21 ಜನ ಹೋಗಿದ್ರು.

ಆ ವೀಡಿಯೋ ನಾನು ಫೋನಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ನೋಡಿದೆ. ಮೊದಲ ಅರ್ಧ ನಿಮಿಷ ಬ್ಯಾಂಡು ಬಾರಿಸ್ತಾನೇ ಇದೆ, ಜನ ಕೈ ಎತ್ತಿ ಕುಣೀತಾ ಇದಾರೆ, ಬೆಂಕಿನೂ ಶೋನ ಒಂದು ಭಾಗ ಅಂದ್ಕೊಂಡು. ಅಲಾರಾಂ ಹೊಡ್ಕೊಳ್ಳೋದು ಆಮೇಲೆ. ಕ್ಯಾಮೆರಾಮನ್ ಮಾತ್ರ ಬೇಗ ಹಿಂದೆ ಸರೀತಾನೆ, ಅದಕ್ಕೇ ಉಳ್ಕೊಂಡ. ಎರಡು ನಿಮಿಷ ಆಗೋದ್ರೊಳಗೆ ಮುಂಬಾಗಿಲಲ್ಲಿ ಜನ ಒಬ್ರ ಮೇಲೊಬ್ರು ಬಿದ್ದು ಸೌದೆ ಒಟ್ಟಿದಂಗೆ ಸಿಕ್ಕಾಕೊಂಡಿದಾರೆ, ಹೊರಗಿನವರು ಕೈ ಹಿಡ್ದು ಎಳೀತಾರೆ ಬರಲ್ಲ, ಅವರ ತಲೆ ಮೇಲಿಂದ ಕರಿ ಹೊಗೆ ಹೊಳೆ ಥರ ಬರ್ತಿದೆ. ಇನ್ನು ಮುಂದಕ್ಕೆ ನೋಡೋಕಾಗ್ಲಿಲ್ಲ. 100 ಜನ ಸತ್ರು. ಅಲ್ಲಿ ನಾಲ್ಕು ಬಾಗಿಲಿತ್ತು! ಆದ್ರೆ ಹೆಚ್ಚಿನವರು ಹೋಗಿದ್ದು ಬಂದ ಬಾಗಿಲಿಗೇ, ಅದೊಂದೇ ಅವರಿಗೆ ಗೊತ್ತಿದ್ದಿದ್ದು. ಸ್ಟೇಜ್ ಪಕ್ಕದ ಬಾಗಿಲಿಗೆ ಹೋದವರನ್ನ ಇದು ಬ್ಯಾಂಡಿನವರಿಗೆ ಮಾತ್ರ ಅಂತ ಬೌನ್ಸರ್ ವಾಪಸ್ ಕಳಿಸಿದ ಅಂತ ಬದುಕುಳಿದವರು ಹೇಳಿದಾರೆ.

ಇನ್ನೊಂದು ವಿಷಯ ನನ್ನ ತಲೆ ಕೊರೀತಾ ಇದೆ. ಇನ್ಸ್‌ಪೆಕ್ಷನ್‌ಗೆ ಬಂದ ಫೈರ್ ಅಧಿಕಾರಿ ಅಲ್ಲಿನ ಒಂದು ಬಾಗಿಲು ಒಳಕ್ಕೆ ತೆರೆಯುತ್ತೆ ಅಂತ ತಪ್ಪು ಹಿಡಿದಿದ್ದ, ಗೋಡೆ ತುಂಬಾ ಇದ್ದ ಫೋಮು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಎನ್‌ಐಎಸ್‌ಟಿ ಅನ್ನೋ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಅದೇ ಥರ ಸ್ಟೇಜು, ಅದೇ ಥರ ಫೋಮು ಕಟ್ಟಿ ಬೆಂಕಿ ಹಚ್ಚಿ ನೋಡಿದ್ರು. ಸ್ಪ್ರಿಂಕ್ಲರ್ (ಬೆಂಕಿ ಬಿಸಿಗೆ ಸೀಲಿಂಗಿಂದ ತಾನಾಗೇ ನೀರು ಚಿಮ್ಮಿಸೋದು) ಇಲ್ಲದೇ ಇದ್ರೆ 90 ಸೆಕೆಂಡಲ್ಲಿ ಒಳಗೆ ಮನುಷ್ಯ ಬದುಕೋಕಾಗಲ್ಲ, ಸ್ಪ್ರಿಂಕ್ಲರ್ ಇದ್ರೆ ಬದುಕಬಹುದು. ಸ್ಟೇಷನ್‌ನಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ, ಕಟ್ಟಡ ಹಳೇದು, ಕಡ್ಡಾಯ ಅಲ್ಲ ಅಂತ ಅಂದ್ಕೊಂಡು ಬಿಟ್ಟಿದ್ರು. ಅದಾದ ಮೇಲೆ ಅಮೆರಿಕದ ಕೋಡ್ ಬದಲಾಯ್ತು, 100 ಜನಕ್ಕಿಂತ ಜಾಸ್ತಿ ಹಿಡಿಸೋ ಹಳೇ ಕ್ಲಬ್ಬಿಗೂ ಸ್ಪ್ರಿಂಕ್ಲರ್ ಬೇಕು, ಜನ ಹೊರಗೆ ಕಳಿಸೋದು ಹೇಗೆ ಅಂತ ಟ್ರೈನಿಂಗ್ ಆದವರು 250 ಜನಕ್ಕೊಬ್ರು ಇರಬೇಕು.

ಅಮೆರಿಕ ಕಲಿತ್ಕೊಂಡ್ರೆ ಬೇರೆಯವರಿಗೇನು? 2013ರಲ್ಲಿ ಬ್ರೆಜಿಲ್‌ನ ಕಿಸ್ ಕ್ಲಬ್, ಹೊರಗೆ ಹಚ್ಚೋ ಪಟಾಕಿನ ಒಳಗೆ ಹಚ್ಚಿದ್ರು, ಸೀಲಿಂಗಲ್ಲಿ ಫೋಮು, ಒಂದೇ ಬಾಗಿಲು, ಬಿಲ್ ಕೊಡದೇ ಓಡ್ತಿದಾರೆ ಅಂತ ಶುರುವಲ್ಲಿ ಸೆಕ್ಯುರಿಟಿಯವರು ತಡೆದ್ರು, 242 ಜನ ಸತ್ರು. ಎಷ್ಟೋ ಹೆಣ ಸಿಕ್ಕಿದ್ದು ಟಾಯ್ಲೆಟ್ಟಲ್ಲಿ, ಹೊಗೇಲಿ ಅದೇ ಹೊರಗಿನ ಬಾಗಿಲು ಅಂದ್ಕೊಂಡಿದ್ರು. 2015ರಲ್ಲಿ ರೊಮೇನಿಯಾದ ಬುಕಾರೆಸ್ಟಿನ ಕೊಲೆಕ್ಟಿವ್ ಕ್ಲಬ್ಬು, ಮತ್ತೆ ಪಟಾಕಿ ಮತ್ತೆ ಫೋಮು, ಅಲ್ಲಿ ಜನ ಬೀದಿಗಿಳಿದು ಪ್ರಧಾನಿ ರಾಜೀನಾಮೆ ಕೊಡೋ ಹಂಗಾಯ್ತು. 2025ರ ಡಿಸೆಂಬರ್ 6ರ ರಾತ್ರಿ ನಮ್ಮ ಪಕ್ಕದ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ರು, ಅದ್ರಲ್ಲಿ ಹೆಚ್ಚಿನವರು ಕುಣಿಯೋಕೆ ಬಂದವರಲ್ಲ, ಕೆಲಸದವರು, ಎಷ್ಟೋ ಜನ ಬೇಸ್‌ಮೆಂಟ್ ಕಿಚನ್ನಲ್ಲೇ ಸಿಕ್ಕಾಕೊಂಡ್ರು.

ಈ ಕೆಲಸದವರ ವಿಷಯ ನಮ್ಮಲ್ಲಿ ಯಾರೂ ಮಾತಾಡಲ್ಲ. 2018ರ ಜನವರೀಲಿ ಕಲಾಸಿಪಾಳ್ಯದ ಬಾರೊಂದಕ್ಕೆ ಬೆಂಕಿ ಬಿದ್ದು ರಾತ್ರಿ ಒಳಗೇ ಮಲಗಿದ್ದ 5 ಜನ ಕೆಲಸದವರು ಸತ್ರು, ನೆನಪಿದೆಯಾ? ಗಿರಾಕಿ ಹೋದ ಮೇಲೂ ಆ ಜಾಗದಲ್ಲಿ ಮನುಷ್ಯರು ಇರ್ತಾರೆ, ನಾವೂ ಕೇಬಲ್ ಸುತ್ತುತಾ ರಾತ್ರಿ ಎರಡರ ತನಕ ಇರ್ತೀವಿ. 2010ರಲ್ಲಿ ಬೆಂಕಿ ಬಿದ್ದ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಪಬ್ಬಲ್ಲ, ಆಫೀಸು, ಆದ್ರೂ ಪಾಠ ಅದೇ, ಹೊಗೆ ತುಂಬ್ಕೊಂಡಾಗ ಮೆಟ್ಟಿಲಿನ ಬಾಗಿಲಿಗೆ ಬೀಗ, ಜನ ಮೇಲಿಂದ ಹಾರಿದ್ರು, 9 ಜೀವ ಹೋಯ್ತು.

ಬೀಗ ಅಂದೆನಲ್ಲ, ಆ ಮೂರನೇ ಮಹಡಿಗೆ ವಾಪಸ್ ಬರ್ತೀನಿ. ಟೆರೇಸಲ್ಲಿ ಫೋಮು ಸುಟ್ಟ ವಾರವೇ ಅಲ್ಲಿ ಮತ್ತೊಂದು ಶೋ ಇತ್ತು, ಸೌಂಡ್‌ಚೆಕ್‌ಗೆ ಮುಂಚೆ ಹಿಂದಿನ ಬಾಗಿಲು ಹುಡುಕ್ದೆ. ಹಸಿರು ಎಕ್ಸಿಟ್ ಬೋರ್ಡ್ ಚೆನ್ನಾಗಿ ಉರೀತಿದೆ, ಅದರ ಕೆಳಗೆ ಬಿಯರ್ ಕ್ರೇಟು ನನ್ನ ಎದೆಯೆತ್ತರಕ್ಕೆ, ಕ್ರೇಟ್ ಹಿಂದೆ ಬಾಗಿಲು, ಬಾಗಿಲಿಗೆ ಬೀಗ. ಕೀ ಎಲ್ಲಿ ಅಂದ್ರೆ ಸ್ಟೋರ್ ಹುಡುಗನ ಹತ್ರ, ಹುಡುಗ ಎಲ್ಲಿ ಅಂದ್ರೆ ಊರಿಗೆ ಹೋಗಿದಾನೆ. ಬೀಗ ಯಾಕೆ ಅಂದ್ರೆ ಜನ ಬಿಲ್ ಕೊಡದೇ ಹೋಗ್ತಾರೆ, ಪುಕ್ಕಟೆ ಒಳಗೆ ಬರ್ತಾರೆ. ಒಳಗಿಂದ ತಳ್ಳಿದ್ರೆ ಮಾತ್ರ ತೆರೆಯೋ ಪ್ಯಾನಿಕ್ ಬಾರ್ ಸಿಗುತ್ತೆ ಮಾರಾಯ, ಹೊರಗಿಂದ ಯಾರೂ ಬರೋಕಾಗಲ್ಲ, ಅಲಾರಾಂ ಹಾಕಿದ್ರೆ ಹೋಗೋರೂ ಗೊತ್ತಾಗ್ತಾರೆ, ನಿನ್ ಒಂದು ಸ್ಪೀಕರ್ ರೇಟಿಲ್ಲ ಅದು ಅಂತ ಹೇಳಿದೆ. ಅವತ್ತು ಯಾರದ್ದೋ ಬರ್ತ್‌ಡೇಗೆ ಕೋಲ್ಡ್ ಪೈರೋ ಮೆಷಿನ್ (ಕಿಡಿಗಳ ಕಾರಂಜಿ ಚಿಮ್ಮಿಸೋದು) ಬೇರೆ ಬಂದಿತ್ತು. ಹೆಸರಲ್ಲಿ ಕೋಲ್ಡ್ ಇದ್ರೇನು, ಒಳಗೆ ಉರಿಯೋದು ಲೋಹದ ಪುಡಿ. ಅದು ಆನ್ ಆದ್ರೆ ನಾನು ಕನ್ಸೋಲ್ ಆಫ್ ಮಾಡಿ ಹೋಗ್ತೀನಿ ಅಂದೆ. ತುಂಬಾ ಆಟಿಟ್ಯೂಡ್ ನಿಂಗೆ ಅಂದ ಮ್ಯಾನೇಜರ್. ಆದ್ರೆ ಮೆಷಿನ್ ಆನ್ ಮಾಡ್ಲಿಲ್ಲ.

ಫೋಮು ತೆಗೆಸೋದು ನನ್ನ ಕೈಲಿಲ್ಲ. ರಾಕ್‌ವೂಲ್ ಹಾಕ್ಸಿ, ಅದು ಕಲ್ಲಿಂದ ಮಾಡಿದ್ದು, ಹತ್ಕೊಳ್ಳಲ್ಲ, ಮೇಲೆ ಬೆಂಕಿ ತಡೆಯೋ ಬಟ್ಟೆ ಹೊದೆಸಿ, ಸೌಂಡೂ ಇದಕ್ಕಿಂತ ಚೆನ್ನಾಗಿರುತ್ತೆ ಅಂತ ಓನರ್‌ಗೆ ದೊಡ್ಡದಾಗಿ ವಾಟ್ಸಾಪ್ ಮಾಡಿದೀನಿ, ಜೊತೆಗೆ ಬಾಣಲೆ ವೀಡಿಯೋನೂ. ನೀಲಿ ಟಿಕ್ ಬಂದಿದೆ.

ನಾನಂತೂ ಈಗ ಶೋ ಶುರುವಿಗೆ ಮುಂಚೆ ಬ್ಯಾಂಡಿನವರನ್ನ, ಲೈಟ್ ಹುಡುಗನ್ನ ಕರ್ಕೊಂಡು ಹಿಂದಿನ ಬಾಗಿಲ ತನಕ ಒಂದು ರೌಂಡ್ ನಡೀತೀನಿ, ನಗ್ತಾರೆ, ನಗ್ಲಿ. ಬ್ಯಾಂಡಿನ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ಮೈಕಲ್ಲಿ ಎಲ್ಲರೂ ಆಚೆ ಹೋಗಿ ಅಂತ ಕೂಗೋನು ಆ ರೂಮಲ್ಲಿ ನಾನೊಬ್ಬನೇ ಇರೋದ್ರಿಂದ ಮಿಕ್ಸರ್ ಮೇಲೆ ಒಂದು ಮೈಕ್ ಅದಕ್ಕೇಂತ ಇಟ್ಕೊಂಡಿರ್ತೀನಿ.

ಹೋದ ಶನಿವಾರ ಹೋದಾಗ ಕ್ರೇಟ್ ಎಲ್ಲಾ ಎತ್ತಿಸಿದ್ರು, ಬೀಗನೂ ಇರಲಿಲ್ಲ. ಆ ಜಾಗದಲ್ಲಿ ಎರಡು ಬಾಗಿಲಿನ ದೊಡ್ಡ ಫ್ರಿಜ್ ಬಂದು ಕೂತಿತ್ತು. ಚಕ್ರ ಇದೆ ಗುರು, ತಳ್ಳಿದ್ರೆ ಹೋಗುತ್ತೆ ಅಂದ ಮ್ಯಾನೇಜರ್. ತಳ್ಳಿ ನೋಡಿದೆ. ನಾನು, ಬೇಸಿಸ್ಟು, ಇಬ್ರೂ ಸೇರಿ ತಳ್ಳಿದ್ರೂ ಒಂದೇ ಗೇಣು ಸರೀತು, ಆಮೇಲೆ ಪ್ಲಗ್ಗಿನ ವೈರ್ ಬಿಗಿಯಾಗಿ ಅಲ್ಲೇ ನಿಂತ್ಕೊಂಡ್ತು.