ಇಷ್ಟು ಒಳ್ಳೆ ಪಿಯಾನೋ ಇರುವಾಗ ಹಳೆಯದು ಯಾಕೆ?

"ಈಗಿನ ಪಿಯಾನೋ ಎಷ್ಟು ಚೆನ್ನಾಗಿದೆ! ಮೊಜಾರ್ಟ್ ಇವತ್ತು ಇದ್ದಿದ್ದರೆ ಅದನ್ನೇ ನುಡಿಸುತ್ತಿದ್ದ, ಅಲ್ವಾ? ಹಳೇ ಕಾಲದ ವಾದ್ಯ ಹಿಡಿದುಕೊಂಡು ಯಾಕೆ ಒದ್ದಾಡಬೇಕು?"

ಫೋರ್ಟೆಪಿಯಾನೋದಲ್ಲಿ ಮೊಜಾರ್ಟ್ ಕಾನ್ಸರ್ಟೊ ಕೇಳಿ ಬಂದೆ ಅಂತ ಹೇಳಿದಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಕಾನ್ಸರ್ಟೊ ಅಂದರೆ ಒಂದು ವಾದ್ಯ ಮುಂದೆ ನಿಂತು ಇಡೀ ಆರ್ಕೆಸ್ಟ್ರಾ ಜೊತೆ ನುಡಿಯುವ ರಚನೆ. ಫೋರ್ಟೆಪಿಯಾನೋ ಅಂದರೆ ಮೊಜಾರ್ಟ್ ಬದುಕಿದ್ದ 18ನೇ ಶತಮಾನದ ಪಿಯಾನೋ, ಅಥವಾ ಅದನ್ನೇ ನೋಡಿ ಈಗ ಮಾಡಿದ ಪ್ರತಿ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಇವತ್ತಿನ ಪಿಯಾನೋ ಕೈಗೆ ಸಿಕ್ಕಿದ್ದರೆ ಮೊಜಾರ್ಟ್ ಇವೇ ಸ್ವರಗಳನ್ನು ಬರೆಯುತ್ತಿರಲಿಲ್ಲ. ಬೇರೆ ಏನೋ ಬರೆಯುತ್ತಿದ್ದ. ನಮ್ಮ ಕೈಲಿರುವುದು ಆ ಸಣ್ಣ ಪಿಯಾನೋದ ಮುಂದೆ ಕೂತು ಬರೆದ ಸಂಗೀತ.

ಅವನ ಪಿಯಾನೋ ವಿಯೆನ್ನಾದ ಆಂಟನ್ ವಾಲ್ಟರ್ ಮಾಡಿದ್ದು. ಈಗಲೂ ಸಾಲ್ಜ್‌ಬರ್ಗ್‌ನಲ್ಲಿ ಇದೆ. 61 ಕೀಗಳು, ಅಂದರೆ ಐದು ಸಪ್ತಕ. ಚೌಕಟ್ಟು ಪೂರ್ತಿ ಮರದ್ದು. ಇವತ್ತಿನ ದೊಡ್ಡ ಪಿಯಾನೋದಲ್ಲಿ 88 ಕೀಗಳು, ಒಳಗೆ ಎರಕದ ಕಬ್ಬಿಣದ ಚೌಕಟ್ಟು, ತೂಕ ಅರ್ಧ ಟನ್ ಹತ್ತಿರ. ತಂತಿಗಳೆಲ್ಲ ಸೇರಿ ಸುಮಾರು 20 ಟನ್ ಬಲದಿಂದ ಎಳೆಯುತ್ತಿರುತ್ತವೆ. ಮೊಜಾರ್ಟ್‌ನ ಪಿಯಾನೋವನ್ನು ಆಳುಗಳು ಹೊತ್ತುಕೊಂಡು ಹೋಗುತ್ತಿದ್ದರು. 1785ರ ಮಾರ್ಚ್‌ನಲ್ಲಿ ಅವನ ಅಪ್ಪ ಲಿಯೋಪೋಲ್ಡ್ ಮಗಳಿಗೆ ಬರೆದ ಪತ್ರದಲ್ಲಿ ಈ ಮಾತಿದೆ: ನಾನು ವಿಯೆನ್ನಾಕ್ಕೆ ಬಂದ ಮೇಲೆ ನಿನ್ನ ತಮ್ಮನ ಪಿಯಾನೋ ಕಡಿಮೆ ಅಂದರೂ ಹನ್ನೆರಡು ಸಲ ಥಿಯೇಟರಿಗೋ ಬೇರೆಯವರ ಮನೆಗೋ ಹೋಗಿ ಬಂದಿದೆ.

ಇಂಥದ್ದೇ ಒಂದು ಪ್ರತಿಯ ಮುಂದೆ ಕೂರುವ ಅವಕಾಶ ನನಗೂ ಒಮ್ಮೆ ಸಿಕ್ಕಿತ್ತು. ಮೊದಲ ಕೀ ಒತ್ತಿದಾಗ ಬೆರಳು ಎಡವಿದ ಹಾಗಾಯಿತು. ಇನ್ನೂ ಕೆಳಗೆ ಹೋಗುತ್ತೆ ಅಂದುಕೊಂಡಿದ್ದೆ, ಅಷ್ಟರಲ್ಲೇ ತಳ ಬಂದುಬಿಟ್ಟಿತ್ತು. ಈಗಿನ ಪಿಯಾನೋದ ಅರ್ಧದಷ್ಟು ಆಳ ಇರಬಹುದು. ಕಾಲಿಗೆ ಪೆಡಲ್ ಇಲ್ಲ. ಕೀಗಳ ಅಡಿಯಲ್ಲಿ ಒಂದು ಮರದ ಪಟ್ಟಿ, ಅದನ್ನು ಮೊಣಕಾಲಿನಿಂದ ಮೇಲೆತ್ತಬೇಕು. ವಾದ್ಯದವರು ಒಳಗಿನ ಭಾಗವನ್ನು ಹೊರಗೆಳೆದು ತೋರಿಸಿದರು. ಸಾಲಾಗಿ ಪುಟ್ಟ ಪುಟ್ಟ ಮರದ ಸುತ್ತಿಗೆಗಳು, ತಲೆಯ ಮೇಲೆ ತೆಳು ಚರ್ಮ. ಈಗಿನ ಪಿಯಾನೋದಲ್ಲಿ ಈ ಜಾಗದಲ್ಲಿ ಉಣ್ಣೆಯ ದಪ್ಪ ಫೆಲ್ಟ್ ಇರುತ್ತದೆ.

ಎಲ್ಲ ವ್ಯತ್ಯಾಸ ಆ ಚರ್ಮದಿಂದಲೇ ಶುರು. ಸ್ವರ ಹುಟ್ಟುವಾಗಲೇ ಸ್ಪಷ್ಟವಾಗಿ ಹುಟ್ಟುತ್ತದೆ, ಬೇಗ ಆರಿಹೋಗುತ್ತದೆ. ಎಡಗೈಯಲ್ಲಿ ಮಂದ್ರದ ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಈಗಿನ ಪಿಯಾನೋದಲ್ಲಿ ಅವು ಮುದ್ದೆಯಾಗುತ್ತವೆ. ಇಲ್ಲಿ ಉದುರುದುರಾದ ಅನ್ನದ ಹಾಗೆ ಒಂದೊಂದೂ ಬೇರೆ ಬೇರೆ. ಮೊಜಾರ್ಟ್ ಎರಡೆರಡು ಸ್ವರಗಳನ್ನು ಸೇರಿಸಿ ಎಳೆದ ಚಿಕ್ಕ ಚಿಕ್ಕ ಬಾಗು ಗೆರೆಗಳು ಯಾಕಿವೆ ಅನ್ನೋದು ನನಗೆ ಆವತ್ತು ಗೊತ್ತಾಯಿತು. ಅಲ್ಲಿ ಪಿಯಾನೋ ಮಾತಾಡುತ್ತದೆ.

ಇನ್ನು ಆ ಕಾಲದ ಆರ್ಕೆಸ್ಟ್ರಾ. ಪಿಟೀಲುಗಳಿಗೆ ಪ್ರಾಣಿಯ ಕರುಳಿನಿಂದ ಮಾಡಿದ ತಂತಿ. ಕೊಂಬುಗಳಿಗೆ ವಾಲ್ವ್ ಇಲ್ಲ, ತುಟಿ ಮತ್ತು ಕೈಯಿಂದಲೇ ಸ್ವರ ಹುಡುಕಬೇಕು. ಕೊಳಲು ಮರದ್ದು. ಶ್ರುತಿಯೂ ಸ್ವಲ್ಪ ಕೆಳಗೆ, ಈಗಿನ 440 ಹರ್ಟ್ಜ್ ಬದಲು ಸಾಮಾನ್ಯವಾಗಿ 430. ಈ ಗುಂಪಿನ ನಡುವೆ ಫೋರ್ಟೆಪಿಯಾನೋ ಇಟ್ಟರೆ ಯಾರೂ ಯಾರನ್ನೂ ಮುಚ್ಚುವುದಿಲ್ಲ. ಈಗಿನ ಪಿಯಾನೋ ಜೊತೆ ಮೊಜಾರ್ಟ್ ನುಡಿಸುವಾಗ ಕಲಾವಿದರು ಶಕ್ತಿಯನ್ನೆಲ್ಲ ಅದುಮಿಟ್ಟುಕೊಂಡು ಹುಷಾರಾಗಿ ನುಡಿಸಬೇಕು. ಇಲ್ಲಿ ಎಲ್ಲರೂ ಮೈಬಿಚ್ಚಿ ನುಡಿಸಬಹುದು. ನನಗೆ ಇದೇ ದೊಡ್ಡ ಕಾರಣ. ವೀಣೆಯನ್ನು ಮೈಕ್ ಇಲ್ಲದೆ ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತು ಕೇಳಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಮೊಜಾರ್ಟ್‌ನ ಡಿ ಮೈನರ್ ಕಾನ್ಸರ್ಟೊವನ್ನೇ ತಗೊಳ್ಳಿ, ಅವನ ರಚನೆಗಳ ಪಟ್ಟಿಯಲ್ಲಿ ಕೆ. 466. ಮೊದಲು ನುಡಿಸಿದ್ದು 1785ರ ಫೆಬ್ರವರಿ 11ರಂದು, ವಿಯೆನ್ನಾದ ಮೆಲ್‌ಗ್ರೂಬೆ ಅನ್ನುವ ಸಭಾಂಗಣದಲ್ಲಿ. ಲಿಯೋಪೋಲ್ಡ್ ಅದೇ ದಿನ ಊರಿಗೆ ಬಂದಿದ್ದ. ಆ ಹೊತ್ತಿಗೂ ನಕಲುಗಾರ ವಾದ್ಯದವರಿಗೆ ಪ್ರತಿ ಬರೆಯುತ್ತಲೇ ಇದ್ದನಂತೆ. ಅದನ್ನು ನೋಡಿಕೊಳ್ಳುವುದರಲ್ಲಿ ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಮೊಜಾರ್ಟ್‌ಗೆ ಪುರುಸೊತ್ತು ಸಿಗಲಿಲ್ಲ.

ಈ ಕಾನ್ಸರ್ಟೊ ತಂತಿವಾದ್ಯಗಳ ತಗ್ಗಿದ, ತಡವರಿಸುವ ದನಿಯಿಂದ ಶುರುವಾಗುತ್ತದೆ. ಆಮೇಲೆ ಟ್ರಂಪೆಟ್, ನಗಾರಿ ಎಲ್ಲ ಸೇರಿ ಬಿರುಗಾಳಿ ಎದ್ದ ಹಾಗಾಗುತ್ತದೆ. ಗಾಳಿ ಇಳಿದ ಮೇಲೆ ಪಿಯಾನೋ ಒಂಟಿಯಾಗಿ ಬರುತ್ತದೆ. ಆರ್ಕೆಸ್ಟ್ರಾ ಆವರೆಗೆ ನುಡಿಸಿದ ಯಾವುದನ್ನೂ ಅದು ಎತ್ತಿಕೊಳ್ಳುವುದಿಲ್ಲ. ತನ್ನದೇ ಒಂದು ಹೊಸ ಮಾತು ಹೇಳುತ್ತದೆ, ಮೆಲ್ಲಗೆ. ಅರ್ಧ ಟನ್ ತೂಕದ ಪಿಯಾನೋ ಇದನ್ನು ಹೇಳುವಾಗ ಬಲಶಾಲಿಯೊಬ್ಬ ದನಿ ತಗ್ಗಿಸಿದ ಹಾಗಿರುತ್ತದೆ. ಫೋರ್ಟೆಪಿಯಾನೋದಲ್ಲಿ ಆ ದನಿ ಇರುವುದೇ ಅಷ್ಟು. ಅಷ್ಟು ದೊಡ್ಡ ಗುಂಪಿನ ಎದುರು ಒಬ್ಬನೇ ನಿಂತಿದ್ದಾನೆ. ಮೊದಲ ಸಲ ಕೇಳಿದಾಗ ನನ್ನ ಗಂಟಲು ಕಟ್ಟಿತ್ತು.

ಬೀಥೋವನ್‌ನ ಮೊದಲನೇ ಕಾನ್ಸರ್ಟೊದಲ್ಲಿ ಇನ್ನೊಂದು ಜಾಗ ಇದೆ. ಮೊದಲ ಭಾಗದಲ್ಲಿ ರಾಗ ಮೇಲೇರುತ್ತಾ ಎಫ್ ಶಾರ್ಪ್, ಅಂದರೆ ಎಫ್ ಸ್ವರಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಸ್ವರ, ಮುಟ್ಟಬೇಕು, ಕಿವಿ ಅದನ್ನೇ ಕಾಯುತ್ತಿರುತ್ತದೆ. ಆದರೆ ಆ ಕಾಲದ ಪಿಯಾನೋದ ಕೊನೆಯ ಕೀ ಎಫ್. ಅವನು ಎಫ್ ಅನ್ನೇ ಬರೆದ. ಈಗಿನ ಪಿಯಾನೋದಲ್ಲಿ ಅನೇಕರು ಎಫ್ ಶಾರ್ಪ್ ನುಡಿಸುತ್ತಾರೆ. ತಪ್ಪೇನಲ್ಲ, ಕೀ ಇದ್ದಿದ್ದರೆ ಬೀಥೋವನ್ ಕೂಡ ಅದನ್ನೇ ಬರೆಯುತ್ತಿದ್ದ ಅಂತಲೇ ನನ್ನ ಎಣಿಕೆ. ಆದರೂ ಕೈ ಗೋಡೆಗೆ ಮುಟ್ಟಿ ನಿಲ್ಲುವುದನ್ನು ಕೇಳುವುದು ನನಗೆ ಇಷ್ಟ.

ಕಷ್ಟಗಳೂ ಇವೆ. ಎರಡು ಸಾವಿರ ಜನ ಕೂರುವ ಸಭಾಂಗಣದಲ್ಲಿ ಹಿಂದಿನ ಸಾಲಿನವರಿಗೆ ಈ ವಾದ್ಯ ಸರಿಯಾಗಿ ತಲುಪುವುದೇ ಇಲ್ಲ. ಮರದ ಚೌಕಟ್ಟಾದ್ದರಿಂದ ಶ್ರುತಿ ಬೇಗ ಇಳಿಯುತ್ತದೆ. ನಾನು ಹೋದ ಕಛೇರಿಯೊಂದರಲ್ಲಿ ಮಧ್ಯಂತರ ಪೂರ್ತಿ ಒಬ್ಬರು ಕೂತು ಶ್ರುತಿ ಮಾಡುತ್ತಲೇ ಇದ್ದರು.

ಹತ್ತಿರದಲ್ಲಿ ಇಂಥ ಕಛೇರಿ ಸಿಗದಿದ್ದರೆ ಧ್ವನಿಮುದ್ರಣ ಕೇಳಿ. 1980ರ ದಶಕದಲ್ಲಿ ಫೋರ್ಟೆಪಿಯಾನೋ ನುಡಿಸುವ ಮಾಲ್ಕಮ್ ಬಿಲ್ಸನ್, ಆರ್ಕೆಸ್ಟ್ರಾ ನಡೆಸುವ ಜಾನ್ ಎಲಿಯಟ್ ಗಾರ್ಡಿನರ್ ಸೇರಿ ಮೊಜಾರ್ಟ್ ಕಾನ್ಸರ್ಟೊಗಳನ್ನು ಮುದ್ರಿಸಿದ್ದಾರೆ. ಕ್ರಿಸ್ಟಿಯನ್ ಬೆಜೌಡೆನ್‌ಹೌಟ್ ಮತ್ತು ಫ್ರೈಬರ್ಗ್ ಬರೋಕ್ ಆರ್ಕೆಸ್ಟ್ರಾ ಮಾಡಿದವೂ ಇವೆ. ಡಿ ಮೈನರ್‌ನಿಂದ ಶುರು ಮಾಡಿ. ಎರಡು ನಿಮಿಷಕ್ಕೂ ಜಾಸ್ತಿ ಬರೀ ಆರ್ಕೆಸ್ಟ್ರಾ ಇರುತ್ತದೆ. ಪಿಯಾನೋ ಬಂದಾಗ ದನಿ ಸಣ್ಣದಾಯ್ತು ಅನ್ನಿಸಿ ಕೈ ವಾಲ್ಯೂಮ್ ಕಡೆ ಹೋಗುತ್ತದೆ. ಜಾಸ್ತಿ ಮಾಡಬೇಡಿ, ಹಾಗೇ ಬಿಡಿ.